‘ಏನಾಗಿದೆಯಂತೆ?’: ರೋಗಿಯ ಗುಟ್ಟು ಕಾಯುವವರು ಯಾರು

ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿದ ಮೇಲೆ ಆಸ್ಪತ್ರೆಗಳ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತಿದೆ. ರೋಗಿಯ ವಿಷಯ ಹೊರಗೆ ಬಾಯಿಬಿಟ್ಟರೆ ಇನ್ನು 250 ಕೋಟಿ ರೂಪಾಯಿ ದಂಡ ಎನ್ನುವುದು ಒಂದು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೂ ಸರ್ಕಾರಿ ಆಸ್ಪತ್ರೆಯವರು ಇನ್ನು ಒಂದು ಹಾಳೆಯನ್ನೂ ಕೊಡುವುದಿಲ್ಲ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆದರೆ ಈ ಗದ್ದಲದಲ್ಲಿ ಒಂದು ಸರಳ ಸಂಗತಿ ಮರೆಯಾಗಿದೆ. ಕೋಲಾರದಂಥ ಜಿಲ್ಲೆಯಲ್ಲಿ ರೋಗಿಯ ಗುಟ್ಟು ಹೆಚ್ಚಾಗಿ ಸೋರುವುದು ಬಾಯಿಂದ. ಈ ನಿಯಮಗಳ ಹಿಂದಿರುವ 2023ರ ಹೊಸ ಕಾಯ್ದೆ ಕಾವಲು ಕೂರುವುದು ಕಂಪ್ಯೂಟರಿಗೆ.

ಸೋರುವ ಜಾಗಗಳು

ಜಿಲ್ಲೆಯ ಯಾವುದೇ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ವೈದ್ಯರ ಮೇಜಿನ ಮುಂದೆ ಒಬ್ಬ ರೋಗಿ ಕುಳಿತಿದ್ದಾರೆ. ಅವರ ಬೆನ್ನಿಗೆ ಅಂಟಿಕೊಂಡಂತೆ ಇನ್ನು ನಾಲ್ವರು ಚೀಟಿ ಹಿಡಿದು ನಿಂತಿದ್ದಾರೆ. ‘ಮುಟ್ಟು ನಿಂತು ಎಷ್ಟು ದಿನವಾಯಿತು?’ ಎಂದು ವೈದ್ಯರು ಕೇಳಿದರೆ ಉತ್ತರ ಆ ನಾಲ್ವರ ಕಿವಿಗೂ ಬೀಳುತ್ತದೆ. ಅವರಲ್ಲೊಬ್ಬರು ನೆರೆಯೂರಿನವರಾದರೆ ಸಂಜೆಯ ಬಸ್ಸು ಶ್ರೀನಿವಾಸಪುರ ಸೇರುವ ಮೊದಲೇ ಸುದ್ದಿ ಅಲ್ಲಿರುತ್ತದೆ. ಇಲ್ಲಿ ಯಾರೂ ಕಡತ ಕದ್ದಿಲ್ಲ, ಯಾರಿಗೂ ಕೇಡು ಬಯಸಿಲ್ಲ. ಕೊಠಡಿ ಚಿಕ್ಕದು, ಸಾಲು ಉದ್ದ, ಅಷ್ಟೇ.

ಹೆಸರಿನ ಜೊತೆ ಪರೀಕ್ಷೆಯ ಹೆಸರನ್ನೂ ಕೂಗಿ ರಿಪೋರ್ಟ್ ಕೊಡುವ ಲ್ಯಾಬ್ ಕಿಟಕಿ, ಮಂಚದ ಕಾಲಿಗೆ ನೇತುಹಾಕಿದ ಕೇಸ್ ಶೀಟು, ಒಳಗೆ ಹೋದವರ ಕಾಯಿಲೆ ಇಂಥದ್ದೇ ಎಂದು ಹೊರಗೆ ಕುಳಿತವರಿಗೆ ಸಾರುವ ಕೊಠಡಿಯ ಫಲಕ, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ವಾರ್ಡಿನ ಆಯಾ, ಔಷಧಿ ಕೊಡುವವರು, ಆಂಬ್ಯುಲೆನ್ಸ್ ಚಾಲಕ ಸುತ್ತಲಿನ ಊರಿನವರೇ ಆಗಿರುವುದು ಸಹಜ. ಮಹಾನಗರದ ಆಸ್ಪತ್ರೆಯಲ್ಲಿ ರೋಗಿ ಒಂದು ಸಂಖ್ಯೆ. ಮುಳಬಾಗಿಲಿನಲ್ಲೋ ಬಂಗಾರಪೇಟೆಯಲ್ಲೋ ಅವರು ಇಂಥವರ ಮಗಳು, ಇಂಥವರ ಸೊಸೆ.

ಮೇಲಾಗಿ, ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಿಕೊಂಡು ಬರದಿದ್ದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಎಳನೀರು, ಬ್ರೆಡ್ಡು, ಹಣ್ಣು ಹಿಡಿದು ಆಸ್ಪತ್ರೆಗೆ ಹೋಗುವುದು ಬಂಧುತ್ವದ ಬಾಕಿ ತೀರಿಸಿದಂತೆ. ಹೋದಮೇಲೆ ‘ಏನಾಗಿದೆಯಂತೆ?’ ಎಂದು ಕೇಳದಿದ್ದರೆ ಅಸಡ್ಡೆ ಎನಿಸಿಕೊಳ್ಳುತ್ತದೆ. ಹೀಗಾಗಿ ಕಾಳಜಿಗೂ ಕುತೂಹಲಕ್ಕೂ ಇಲ್ಲಿ ಒಂದೇ ಪ್ರಶ್ನೆ, ಒಂದೇ ದನಿ. ಕೇಳುವವರ ಮನಸ್ಸನ್ನು ತೂಗಿ ನೋಡಲು ದಾದಿಗೆ ತಕ್ಕಡಿಯೂ ಇಲ್ಲ, ಪುರುಸೊತ್ತೂ ಇಲ್ಲ. ಆಕೆ ಯೋಚಿಸಬಹುದಾದದ್ದು ಇಷ್ಟೇ: ನನ್ನ ಉತ್ತರ ಈ ಬಾಗಿಲು ದಾಟಿದರೆ ಮಂಚದ ಮೇಲಿರುವವರಿಗೆ ಏನಾದೀತು?

ಆಗುವುದು ಏನೆಂದು ಊರಿನವರಿಗೆ ಗೊತ್ತು. ಸಂಬಂಧ ಬೆಳೆಸುವ ಮೊದಲು ಹುಡುಗಿಯ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುವ ಪದ್ಧತಿ ಇನ್ನೂ ಇದೆ. ಮೂರ್ಛೆರೋಗ, ಗರ್ಭಕೋಶದ ತೊಂದರೆ, ಮನೋವೈದ್ಯರ ಬಳಿ ಎರಡು ಸಲ ಹೋಗಿ ಬಂದದ್ದು, ಯಾವುದಾದರೂ ಆ ನಾಲ್ವರಲ್ಲಿ ಒಬ್ಬರ ಬಾಯಲ್ಲಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಮೇಲೆ ದುಡಿಯುವವರಿಗೆ ಕೆಲಸದ ಭಯ. ವಿಚಿತ್ರವೆಂದರೆ, ವೈದ್ಯರ ನೀತಿಸಂಹಿತೆಯ ಜೊತೆಗೇ ಬಂದಿರುವ ರಜೆ ಪ್ರಮಾಣಪತ್ರದ ನಮೂನೆಯಲ್ಲಿ ಕಾಯಿಲೆಯ ಹೆಸರು ಬರೆಯಲೆಂದೇ ಜಾಗ ಬಿಟ್ಟಿದ್ದಾರೆ. ಗುಟ್ಟು ಕಾಯಿರಿ ಎನ್ನುವ ನಿಯಮವೇ ಗುಟ್ಟನ್ನು ಮೇಲ್ವಿಚಾರಕನ ಮೇಜಿಗೆ ತಲುಪಿಸುವ ಕಾಗದವನ್ನೂ ಕೊಟ್ಟಿದೆ.

ಈ ಭಯದ ಪರಿಣಾಮ ಚಿಕಿತ್ಸೆಯ ಮೇಲೆ ನೇರವಾಗಿ ಬೀಳುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಸಿಗುವ ಔಷಧಿಗಾಗಿ ಕೆಲವರು ಬೆಂಗಳೂರಿಗೆ, ಕುಪ್ಪಂಗೆ, ವೆಲ್ಲೂರಿಗೆ ಹೋಗುವುದುಂಟು. ಎಲ್ಲರೂ ಹೆಚ್ಚಿನ ಚಿಕಿತ್ಸೆಗೆಂದು ಹೋಗುವುದಿಲ್ಲ, ಅಲ್ಲಿ ತಮ್ಮನ್ನು ಬಲ್ಲವರಿಲ್ಲ ಎಂಬ ಕಾರಣಕ್ಕೂ ಹೋಗುತ್ತಾರೆ. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೀಳುತ್ತದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು, ಎಚ್‌ಐವಿಗೆ ಜೀವಮಾನವಿಡೀ. ದೂರದ ಊರಿನ ಓಡಾಟ ಎರಡು ತಿಂಗಳಿಗೆ ಸಾಕೆನಿಸಿದಾಗ ಮಾತ್ರೆ ನಿಲ್ಲುತ್ತದೆ, ರೋಗಾಣು ಔಷಧಿಗೆ ಜಗ್ಗದಷ್ಟು ಬಲಿಯುತ್ತದೆ, ಮನೆಯ ಉಳಿದವರಿಗೂ ಹರಡುವ ಅಪಾಯ ಹೆಚ್ಚುತ್ತದೆ. ನೆರೆಯವರ ಕುತೂಹಲ ಸುತ್ತಿ ಬಳಸಿ ನೆರೆಯವರ ಆರೋಗ್ಯಕ್ಕೇ ಬಂದು ತಗಲುವುದು ಹೀಗೆ.

ಬೀಗ ಯಾರ ಬಾಯಿಗೆ

ವೈದ್ಯರ ಮಟ್ಟಿಗೆ ನಿಯಮ ಹಳೆಯದು ಮತ್ತು ಸ್ಪಷ್ಟ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ, ಚಿಕಿತ್ಸೆಯ ಸಂದರ್ಭದಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಹೊರಹಾಕುವಂತಿಲ್ಲ. ಮೂರೇ ವಿನಾಯಿತಿ: ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ, ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳು. ಇದರ ಜಾಗಕ್ಕೆ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂದಿತ್ತು. ವೈದ್ಯರ ವಿರೋಧದಿಂದ ಅದೇ ತಿಂಗಳು ಅದನ್ನು ತಡೆಹಿಡಿದರು. ಹಾಗಾಗಿ ಹಳೆಯದೇ ನಡೆಯುತ್ತಿದೆ. ಮೀರಿದವರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಆದರೆ ಈ ನಿಯಮಾವಳಿ ಕಟ್ಟಿಹಾಕುವುದು ನೋಂದಾಯಿತ ವೈದ್ಯರನ್ನು ಮಾತ್ರ. ದಾದಿಯರಿಗೆ ಅವರದೇ ವೃತ್ತಿಸಂಹಿತೆ ಇದೆ, ಕಾಯಂ ಸರ್ಕಾರಿ ನೌಕರರಿಗೆ ಸೇವಾ ನಡತೆ ನಿಯಮಗಳಿವೆ. ಹೊರಗುತ್ತಿಗೆಯಲ್ಲಿ ಬಂದ ಡೇಟಾ ಎಂಟ್ರಿಯವರು, ಗೇಟಿನ ಕಾವಲುಗಾರ, ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯ ತನಕ ಬರುವಷ್ಟರಲ್ಲಿ ಬೀಗ ಸಡಿಲವಾಗುತ್ತಾ ಬರುತ್ತದೆ. ಪಕ್ಕದ ಮಂಚದ ರೋಗಿಗೆ, ಹಣ್ಣು ತಂದ ನೆಂಟರಿಗೆ ಯಾವ ನಿಯಮವೂ ಇಲ್ಲ. ಹಾಗೆಂದು ಕೆಳಗಿನ ನೌಕರರನ್ನಷ್ಟೇ ದೂರುವುದು ಅನ್ಯಾಯ. ಅಪರೂಪದ ಪ್ರಕರಣವೆಂದು ಮೂಲೆಯಲ್ಲಿನ ಹೆಸರನ್ನೂ ಮುಚ್ಚದೆ ಎಕ್ಸ್‌ರೇಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಕಾವಲುಗಾರನ ಅಭ್ಯಾಸವಲ್ಲ.

ಕೆಲವು ಕಾಯಿಲೆಗಳ ಸುತ್ತ ಮಾತ್ರ ಕಾನೂನು ಗಟ್ಟಿಯಾದ ಬೇಲಿ ಹಾಕಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ನಂಬಿಕೆಯ ಮೇಲೆ ತಿಳಿದುಬಂದ ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಯಾರೂ ಬಯಲು ಮಾಡುವಂತಿಲ್ಲ. ವೈದ್ಯರು ಎಂದಲ್ಲ, ಯಾರೂ. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಒಪ್ಪಿಗೆಯಿಲ್ಲದೆ ಫೋಟೊ ಅಥವಾ ವಿವರವನ್ನು ಮಾಧ್ಯಮಕ್ಕೆ ಕೊಡುವುದನ್ನು ತಡೆಯುತ್ತದೆ. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ ಇನ್ನೂ ಬಿಗಿ: ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು, ವಿವರವನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ವೈದ್ಯರು ತಿಳಿಸಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಸಕ್ಕರೆ ಕಾಯಿಲೆಗೆ, ಮೂಲವ್ಯಾಧಿಗೆ, ಬಂಜೆತನದ ಚಿಕಿತ್ಸೆಗೆ ಇಂಥ ಪ್ರತ್ಯೇಕ ಬೇಲಿ ಇಲ್ಲ.

ಹೊಸ ಕಾಯ್ದೆಯ ಕೈ ಎಷ್ಟು ಉದ್ದ

ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. ಅವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಅದರ ಬೆನ್ನಿಗೆ ಹಲವು ಕರಡುಗಳನ್ನು ದಾಟಿ ಬಂದದ್ದೇ 2023ರ ದತ್ತಾಂಶ ಕಾಯ್ದೆ. ಮೊದಲಿನ ಕರಡುಗಳಲ್ಲಿ ಆರೋಗ್ಯದ ವಿವರಗಳನ್ನು ‘ಸೂಕ್ಷ್ಮ’ ಎಂದು ಬೇರೆಯಾಗಿ ಎತ್ತಿಟ್ಟಿದ್ದರು. ಅಂತಿಮ ಕಾಯ್ದೆಯಲ್ಲಿ ಆ ವಿಂಗಡಣೆಯೇ ಇಲ್ಲ. ಎಚ್‌ಐವಿ ರಿಪೋರ್ಟಿಗೂ ದಿನಸಿ ಅಂಗಡಿಯ ಬಿಲ್ಲಿಗೂ ಒಂದೇ ಮಟ್ಟದ ರಕ್ಷಣೆ.

250 ಕೋಟಿ ಎಂಬುದು ಗರಿಷ್ಠ ಮಿತಿ. ಅದು ದತ್ತಾಂಶ ಸೋರದಂತೆ ತಕ್ಕ ಭದ್ರತೆ ಕೈಗೊಳ್ಳದ ಸಂಸ್ಥೆಗೆ ಅನ್ವಯಿಸುತ್ತದೆ, ವಾರ್ಡಿನಲ್ಲಿ ಪಿಸುಗುಟ್ಟಿದವರಿಗಲ್ಲ. ಆಸ್ಪತ್ರೆಗಳು ಪಾಲಿಸಬೇಕಾದ ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರುವುದೂ ಅಧಿಸೂಚನೆಯಾಗಿ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ. ಕಾಯ್ದೆ ಹಿಡಿಯುವುದು ಡಿಜಿಟಲ್ ರೂಪದ ಅಥವಾ ಆ ರೂಪಕ್ಕೆ ಇಳಿಸಿದ ವಿವರಗಳನ್ನಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ತೆರೆದೇ ಇರುವ ಉದ್ದನೆಯ ರಿಜಿಸ್ಟರ್ ಅದರ ಹೊರಗಿದೆ.

ದಂಡ ಬಿದ್ದರೂ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಗುಟ್ಟು ಬಯಲಾಗಿ ಮದುವೆ ಮುರಿದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಸಂಸ್ಥೆಯ ಅಜಾಗರೂಕತೆಯಿಂದ ವೈದ್ಯಕೀಯ ವಿವರ ಸೋರಿದರೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂನಲ್ಲಿ ಒಂದು ದಾರಿ ಇದೆ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ದಿನ ಆ ಕಲಂ ತೆಗೆದುಹಾಕಲ್ಪಡುತ್ತದೆ. ಈ ವಿಷಯಕ್ಕೆ ಸಿಗಬೇಕಾದಷ್ಟು ಚರ್ಚೆ ಸಿಕ್ಕಿಲ್ಲ.

ಕಾಯ್ದೆ ಬೇಡವೆಂದು ಇದರ ಅರ್ಥವಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಕಂಪ್ಯೂಟರ್ ವ್ಯವಸ್ಥೆ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಯಿತು. 2025ರ ಫೆಬ್ರುವರಿಯಲ್ಲಿ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿಯಿಂದ ಮಹಿಳೆಯರ ತಪಾಸಣೆಯ ದೃಶ್ಯಗಳು ಹೊರಬಿದ್ದು ಮಾರಾಟಕ್ಕೇ ಇಳಿದವು. ಇಂಥವನ್ನು ತಡೆಯಲು ಭಾರಿ ದಂಡದ ಅಂಜಿಕೆ ಬೇಕು. ಆದರೆ ಡಿಜಿಟಲ್ ದಾಖಲೆ ನಮ್ಮ ಮನೆಗಳಿಗೆ ಬರುವಾಗ ಬೇರೊಂದು ತೊಡಕೂ ಜೊತೆಗೆ ಬರುತ್ತದೆ. ಮನೆಗೆ ಒಂದೇ ಮೊಬೈಲ್ ನಂಬರ್ ಇರುವ ಕಡೆ ಅತ್ತೆಯ, ಸೊಸೆಯ, ಮಗಳ ನೋಂದಣಿಗೆಲ್ಲ ಅದೇ ನಂಬರ್. ಆ ಫೋನು ಸಾಮಾನ್ಯವಾಗಿ ಮಗನ ಜೇಬಿನಲ್ಲಿರುತ್ತದೆ. ಸೊಸೆಯ ರಕ್ತಪರೀಕ್ಷೆ ಸಿದ್ಧವಾಗಿದೆ ಎಂಬ ಸಂದೇಶ ಆಕೆಗಿಂತ ಮೊದಲು ಅವನಿಗೆ ತಲುಪುತ್ತದೆ. ಕಾನೂನಿನ ಲೆಕ್ಕದಲ್ಲಿ ಇದು ಸೋರಿಕೆಯಲ್ಲ, ನೋಂದಾಯಿತ ಸಂಖ್ಯೆಗೆ ಹೋದ ಸಂದೇಶ.

ಮನೆಯವರು ಹೊರಗಿನವರೇ?

ಅತ್ಯಂತ ಬಿಸಿಯಾದ ಜಗಳ ಇಲ್ಲೇ. ಆಸ್ಪತ್ರೆಯ ಖರ್ಚಿಗೆ ಒಡವೆ ಅಡವಿಟ್ಟವರು, ರಾತ್ರಿಯಿಡೀ ವರಾಂಡದಲ್ಲಿ ಚಾಪೆ ಹಾಸಿ ಮಲಗಿದವರು, ರಕ್ತಕ್ಕಾಗಿ ಊರೆಲ್ಲ ಅಲೆದವರು ‘ನಮಗೆ ಹೇಳದೆ ಇನ್ನಾರಿಗೆ ಹೇಳುತ್ತೀರಿ?’ ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ತೂಕವಿದೆ. ಆರೈಕೆಯ ಅರ್ಧ ಕೆಲಸ ನಮ್ಮ ಆಸ್ಪತ್ರೆಗಳಲ್ಲಿ ಜೊತೆಗಿರುವವರದ್ದೇ. ಮಾತ್ರೆಯ ಹೊತ್ತು ನೋಡುವವರು, ಗಾಯದ ಬಟ್ಟೆ ಬದಲಾಯಿಸುವವರು ಏನೂ ತಿಳಿಯದೆ ಅದನ್ನು ಮಾಡಲಾರರು.

ವೈದ್ಯರಿಗೆ ಇನ್ನೊಂದು ಚಿಂತೆ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಬಂದರೆ ಗುಂಪು ಸೇರುತ್ತದೆ, ಗಾಜು ಒಡೆಯುತ್ತದೆ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ರಾಜ್ಯ ಪ್ರತ್ಯೇಕ ಕಾನೂನು ಮಾಡಬೇಕಾಗಿ ಬಂದದ್ದನ್ನು ನೆನೆದರೆ ಈ ಅಳುಕು ಅಕಾರಣವಲ್ಲ. ಅದಕ್ಕೇ ಅನೇಕರು ಸುಲಭದ ದಾರಿ ಹಿಡಿಯುತ್ತಾರೆ: ಬಂದವರಿಗೆಲ್ಲ ಎಲ್ಲವನ್ನೂ ಹೇಳಿಬಿಡುವುದು.

ಕಾನೂನು ಈ ವಿಷಯದಲ್ಲಿ ರೋಗಿಯ ಪಕ್ಷ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು, ಪ್ರಜ್ಞೆ ತಪ್ಪಿಸಿದ ಸ್ಥಿತಿಯಲ್ಲಿದ್ದ ವಯಸ್ಕ ರೋಗಿಯ ಪರವಾಗಿ ಶಸ್ತ್ರಚಿಕಿತ್ಸೆಗೆ ಆಕೆಯ ತಾಯಿ ಕೊಟ್ಟ ಒಪ್ಪಿಗೆ, ತುರ್ತು ಇಲ್ಲದಾಗ, ಸಾಲದು ಎಂದು. ಹೆತ್ತ ತಾಯಿಯ ಒಪ್ಪಿಗೆಯೇ ಸಾಲದಿದ್ದರೆ ಮಾವನ, ಮೈದುನನ ಮಾತು ಎಲ್ಲಿ ನಿಂತೀತು? ವಯಸ್ಕ ಮಹಿಳೆಯ ಗರ್ಭಪಾತಕ್ಕೆ ಆಕೆಯ ಒಪ್ಪಿಗೆಯೊಂದೇ ಸಾಕೆಂದು ಕಾಯ್ದೆ ಹೇಳುತ್ತದೆ. ಗಂಡನ ಸಹಿ ಕೇಳುವುದು ರೂಢಿಯಿಂದ ಬಂದದ್ದು.

ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುವ ಸಂದರ್ಭವೂ ಉಂಟು. ಕ್ಯಾನ್ಸರ್ ಪತ್ತೆಯಾದ ಕೂಡಲೇ ಮಕ್ಕಳು ವೈದ್ಯರನ್ನು ಪಕ್ಕಕ್ಕೆ ಕರೆದು ‘ಅಪ್ಪನಿಗೆ ಮಾತ್ರ ಹೇಳಬೇಡಿ’ ಎನ್ನುತ್ತಾರೆ. ಷಡ್ಡಕನಿಗೆ ಗೊತ್ತು, ಎದುರುಮನೆಯವರಿಗೆ ಗೊತ್ತು, ಹಾಲಿನ ಡೇರಿಯಲ್ಲಿ ಮಾತಾಡಿಕೊಳ್ಳುತ್ತಾರೆ; ಗೊತ್ತಿಲ್ಲದಿರುವುದು ಕಾಯಿಲೆ ಇರುವವರಿಗೆ ಮಾತ್ರ. ಪ್ರೀತಿಯಿಂದ ಮಾಡುವುದೇ ಆದರೂ ಜಮೀನು ಯಾರ ಹೆಸರಿಗೆ, ಯಾರನ್ನು ಕೊನೆಗೊಮ್ಮೆ ನೋಡಬೇಕು ಎಂದು ತೀರ್ಮಾನಿಸುವ ಕಾಲವನ್ನು ಅದು ಅವರಿಂದ ಕಸಿದುಕೊಳ್ಳುತ್ತದೆ.

ಸಂಗಾತಿಗೆ ಸೋಂಕು ತಗಲುವ ಅಪಾಯವಿದ್ದರೆ? 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ಒಬ್ಬರ ಎಚ್‌ಐವಿ ಸೋಂಕಿನ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ನಿಶ್ಚಯವಾಗಿದ್ದ ಮದುವೆ ನಿಂತಿತ್ತು. ಗೌಪ್ಯತೆ ಹಕ್ಕೇ ಆದರೂ ಮದುವೆಯಾಗಲಿರುವವಳ ಜೀವದ ಹಕ್ಕು ದೊಡ್ಡದು ಎಂದಿತು ನ್ಯಾಯಾಲಯ. 2017ರ ಕಾಯ್ದೆ ಅದಕ್ಕೊಂದು ಕ್ರಮ ಹಾಕಿಕೊಟ್ಟಿದೆ. ಹೇಳಬಹುದಾದವರು ವೈದ್ಯರು ಅಥವಾ ಆಪ್ತಸಮಾಲೋಚಕರು ಮಾತ್ರ. ಮೊದಲು ರೋಗಿಗೇ ತಿಳಿಹೇಳಬೇಕು. ಅವರಾಗಿ ಹೇಳುವುದಿಲ್ಲವೆಂದು ಖಚಿತವಾದರೆ, ತಾವು ಹೇಳಲಿದ್ದೇವೆ ಎಂದು ಅವರಿಗೆ ತಿಳಿಸಿಯೇ ಸಂಗಾತಿಗೆ ಹೇಳಬೇಕು. ಹೇಳಿದರೆ ಮಹಿಳೆಗೆ ಹೊಡೆತ ಬೀಳಬಹುದು ಅಥವಾ ಅವಳನ್ನು ಮನೆಯಿಂದ ಹೊರಹಾಕಬಹುದು ಎಂಬ ಭಯವಿದ್ದಲ್ಲಿ ಹೇಳಬಾರದು. ಅಪಾಯದಲ್ಲಿರುವ ಒಬ್ಬರಿಗೆ ತಿಳಿಸುವುದು ಕರ್ತವ್ಯವಾಗಬಹುದು. ಅವರ ಅಕ್ಕನಿಗೂ ಬಾವನಿಗೂ ತಿಳಿಸುವುದಕ್ಕೆ ಆ ಕಾಯ್ದೆಯಲ್ಲಿ ಜಾಗವಿಲ್ಲ.

ಬಾಲಕಿಯರ ಗರ್ಭಧಾರಣೆಯ ಪ್ರಶ್ನೆ ಇನ್ನೂ ಇಕ್ಕಟ್ಟಿನದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹೆಸರು ಬಯಲಾಗುವ ಭಯಕ್ಕೆ ಮನೆಯವರು ಕಂಡಕಂಡವರ ಬಳಿ ಗರ್ಭ ತೆಗೆಸಲು ಹೋಗುವ ಅಪಾಯವನ್ನು ಗಮನಿಸಿ, ಬಾಲಕಿ ಮತ್ತು ಪೋಷಕರು ಕೋರಿದರೆ ಆಕೆಯ ಗುರುತನ್ನು ಆ ವರದಿಯಲ್ಲಿ ಕಾಣಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು.

ಊರಿಗೆ ಎಷ್ಟು ತಿಳಿಯಬೇಕು

2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ಪ್ರಕಟಿಸಿತು. ಎಚ್ಚರಿಕೆಗೆಂದು ಮಾಡಿದ್ದು. ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಕೋವಿಡ್ ರೋಗಿಗಳ ಮನೆ ಬಾಗಿಲಿಗೆ, ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದೇಶನವಿಲ್ಲದೆ, ಭಿತ್ತಿಪತ್ರ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಮೊದಲ ಅಲೆಯ ಉಬ್ಬರ ಇಳಿದಿತ್ತು.

ಕ್ಷಯ 2012ರಿಂದ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ವರದಿ ಹೋಗಬೇಕಾದದ್ದು ಆರೋಗ್ಯ ಇಲಾಖೆಗೆ, ಬೀದಿಗಲ್ಲ. 2022ರಿಂದ ದಾನಿಗಳು ‘ನಿಕ್ಷಯ ಮಿತ್ರ’ರಾಗಿ ರೋಗಿಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಕಿಟ್ಟಿನ ಜೊತೆ ರೋಗಿಯನ್ನು ನಿಲ್ಲಿಸಿ ಫೋಟೊ ತೆಗೆದು ಹಂಚಿದರೆ, ಆಹಾರ ತಿಂಗಳಲ್ಲಿ ಮುಗಿಯುತ್ತದೆ, ಫೋಟೊ ಉಳಿಯುತ್ತದೆ. ಕಿಟ್ ಬೇಕಾದವರು ಫೋಟೊ ಬೇಡವೆನ್ನಲು ಎಷ್ಟು ಸ್ವತಂತ್ರರು?

ಇನ್ನು ಮಾಹಿತಿ ಹಕ್ಕು. ಹೊಸ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ ಎಂದು ಸರಾಸಗಟು ವಿನಾಯಿತಿ ಕೊಟ್ಟಿದೆ. ಇದು 2025ರ ನವೆಂಬರ್‌ನಲ್ಲೇ ಜಾರಿಗೆ ಬಂದಿದೆ. ಇದರ ನೆಪದಲ್ಲಿ ಆಸ್ಪತ್ರೆಗಳ ಅವ್ಯವಹಾರ, ನಿರ್ಲಕ್ಷ್ಯ ಮುಚ್ಚಿಹೋಗುತ್ತದೆ ಎಂಬ ಕಾರ್ಯಕರ್ತರ ಆತಂಕ ಉತ್ಪ್ರೇಕ್ಷೆಯಲ್ಲ. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ಮಾಹಿತಿ ಕೊಡಬಹುದು ಎನ್ನುವ 8(2) ಕಲಂ ಮಾತ್ರ ಉಳಿದಿದೆ; ಅರ್ಜಿದಾರರು ಅದನ್ನು ಹೆಸರಿಸಿ ಕೇಳಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ ನಾಡಿಗೆ ತಿಳಿಯಬೇಕಿದ್ದದ್ದು ಅವರಿಗೆ ಡ್ರಿಪ್‌ನಲ್ಲಿ ಕೊಟ್ಟದ್ದು ಯಾವ ದ್ರಾವಣ, ಯಾವ ಕಂಪನಿ, ಪರೀಕ್ಷೆಯಲ್ಲಿ ಏನು ಬಂತು ಎಂಬುದು. ಇದಕ್ಕೆ ಸತ್ತವರ ಹೆಸರಾಗಲಿ ಮನೆಯಾಗಲಿ ಬೇಕಿರಲಿಲ್ಲ. ಆಸ್ಪತ್ರೆಯ ಲೆಕ್ಕ ತೆರೆದಿಟ್ಟು ರೋಗಿಯ ಗುಟ್ಟು ಮುಚ್ಚಿಡಲು ಸಾಧ್ಯವಿದೆ. ಕಚೇರಿಗಳು ಸಾಮಾನ್ಯವಾಗಿ ಇದರ ತಿರುಗುಮುರುಗಾಗಿ ನಡೆದುಕೊಳ್ಳುತ್ತವೆ.

ದೂರು ಎಲ್ಲಿಗೆ, ಮುಂದೇನು

ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಚಿಕಿತ್ಸೆ ಪಡೆದವರಿಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬಯಲು ಮಾಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ ಹೋಗಬಹುದು. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ರೋಗಿಗೆ ಈ ಎರಡೂ ಬಾಗಿಲು ಮುಚ್ಚಿವೆ. ಚೀಟಿಗೆಂದು ಒಂದಿಷ್ಟು ಹಣ ಕೊಟ್ಟರೂ ಆತ ಗ್ರಾಹಕನಾಗುವುದಿಲ್ಲ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆತನಿಗೆ ಉಳಿಯುವುದು ಮೇಲಧಿಕಾರಿಗೆ ಮನವಿ, ವೈದ್ಯಕೀಯ ಪರಿಷತ್ತು, ಮಾನವ ಹಕ್ಕು ಆಯೋಗ. ಹೆಚ್ಚು ಜನ ಚಿಕಿತ್ಸೆ ಪಡೆಯುವ, ಕೊಠಡಿಗಳು ಹೆಚ್ಚು ಕಿಕ್ಕಿರಿದಿರುವ ಕಡೆಯೇ ಪರಿಹಾರದ ದಾರಿ ಸಣ್ಣದು.

2027ರ ಮೇ ಹತ್ತಿರವಾದಂತೆ ಆಸ್ಪತ್ರೆಗಳು ಒಪ್ಪಿಗೆ ಪತ್ರಗಳನ್ನು ಉದ್ದ ಮಾಡುವುದು ಬಹುತೇಕ ಖಚಿತ. ನೋಂದಣಿ ಕೌಂಟರಿನಲ್ಲಿ ಇನ್ನೊಂದು ಹಾಳೆ, ಇನ್ನೊಂದು ಹೆಬ್ಬೆಟ್ಟು. ದಂಡದ ಅಂಜಿಕೆಯಿಂದ ಮಗಳಿಗೂ ರಿಪೋರ್ಟ್ ಕೊಡದೆ ಸತಾಯಿಸುವವರು ಬರಬಹುದು. ಅವರಿಗೆ ತೋರಿಸಲು ಒಂದು ನಿಯಮ ಈಗಲೇ ಇದೆ: ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದೇ ಹೊತ್ತಿಗೆ ಮೇಜಿನ ಸುತ್ತಲಿನ ನಾಲ್ವರು ಅಲ್ಲೇ ನಿಂತಿರುತ್ತಾರೆ, ಏಕೆಂದರೆ ಅವರನ್ನು ಹೊರಗೆ ಕೂರಿಸಲು ಬೇಕಿರುವುದು ಒಂದು ಪರದೆ, ಟೋಕನ್, ಹತ್ತು ಕುರ್ಚಿ.

ಬಗೆಹರಿಯಬಹುದಾದ ಒಂದು ಸಣ್ಣ ಕೆಲಸ ಕೇಸ್ ಶೀಟಿನಲ್ಲೇ ಇದೆ. ದಾಖಲಾಗುವಾಗ ಸಾಮಾನ್ಯವಾಗಿ ರೋಗಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ಜೊತೆಗಿರುವವರ ಹೆಸರು ಬರೆದುಕೊಳ್ಳುತ್ತಾರೆ. ರೋಗಿಯನ್ನೊಬ್ಬರನ್ನೇ ಎರಡು ನಿಮಿಷ ಕೂರಿಸಿಕೊಂಡು ‘ನಿಮ್ಮ ವಿಷಯ ಯಾರಿಗೆ ಹೇಳಬಹುದು, ಯಾವ ನಂಬರಿಗೆ ಫೋನ್ ಮಾಡಬಹುದು?’ ಎಂದು ಕೇಳಿ ಬರೆದುಕೊಳ್ಳಲು ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ. ಹಾಗೆ ಬರೆದಿಟ್ಟರೆ, ಹಣ್ಣಿನ ಚೀಲ ಹಿಡಿದು ಬಂದ ನೆಂಟರಿಗೆ ದಾದಿ ಮುಖ ಕೆಡಿಸಿಕೊಳ್ಳದೆ ‘ಅವರನ್ನೇ ಕೇಳಿ, ಎಚ್ಚರವಾಗಿದ್ದಾರೆ’ ಎನ್ನಬಹುದು.